ಗಾಳಿ, ಮಂಜು, ಹಕ್ಕಿ: ಚಂದ್ರದ್ರೋಣ ಸಾಲಿನ ಅಂಚಿನಲ್ಲಿ ಚಳಿಗಾಲದ ನಡಿಗೆಗೆ ಸಮಗ್ರ ಮಾರ್ಗದರ್ಶಿ

ಚಳಿಗಾಲ ಶುರುವಾದರೆ ಸಾಕು, ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ನಾಲ್ಕೂವರೆಗೇ ಎದ್ದು ಮುಳ್ಳಯ್ಯನಗಿರಿಗೆ ಹೋದೆವು. ಬರೀ ಮಂಜು. ಒಂದು ಹಕ್ಕಿಯೂ ಕಾಣಲಿಲ್ಲ. ಎಂಟೂವರೆಗೆ ಇಳಿದುಬಂದು ತಿಂಡಿ ತಿಂದೆವು." ಹೀಗೆ ಹೇಳುವವರಲ್ಲಿ ಒಳ್ಳೆಯ ಬೈನಾಕ್ಯುಲರ್ ಇರುವವರೂ ಇದ್ದಾರೆ, ಊರಿನ ಕೆರೆಯಲ್ಲಿ ಹತ್ತಾರು ಹಕ್ಕಿ ಗುರುತಿಸುವವರೂ ಇದ್ದಾರೆ. ಅವರ ಕಣ್ಣಿನಲ್ಲಿ ತಪ್ಪಿಲ್ಲ. ಕೆಲಸದ ಅನುಕ್ರಮ ತಪ್ಪಿದೆ ಅಷ್ಟೇ.

ಬಹುತೇಕರು ಮಾಡುವುದು ಹೀಗೆ. ಸೂರ್ಯೋದಯಕ್ಕೆಂದು ನೇರವಾಗಿ ತುದಿಗೆ ಹೋಗುತ್ತಾರೆ. ಗಾಳಿಗೆ ಎದೆಯೊಡ್ಡಿ ನಿಲ್ಲುತ್ತಾರೆ. ಮಂಜು ಕವಿದಾಗ ಇವತ್ತು ಇಷ್ಟೇ ಅಂದುಕೊಂಡು ಇಳಿಯುತ್ತಾರೆ. ಬೆಟ್ಟದ ಅಂಚಿನಲ್ಲಿ ಹಕ್ಕಿ ಎಲ್ಲಿ ಕೂರಬೇಕು, ಯಾವಾಗ ಹಾರಬೇಕು ಅನ್ನುವುದನ್ನು ಗಾಳಿ ಮತ್ತು ಮಂಜು ತೀರ್ಮಾನ ಮಾಡುತ್ತವೆ. ಹಾಗಾಗಿ ಮೊದಲು ಹವೆ ನೋಡಿ, ಆಮೇಲೆ ಹಕ್ಕಿ ನೋಡಿ. ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಆ ಒಂದು ಮಾತಿನ ಮೇಲೆ.

ಇಲ್ಲಿ ಬರೆದಿರುವುದು ಹೆಚ್ಚಾಗಿ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಿಗೆ, ಅಂದರೆ ಗಿರಿಯ ಬುಡದ ಕೈಮರದಿಂದ ಮೇಲೆ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಕವಿಕಲ್ ಗಂಡಿ, ಬಾಬಾಬುಡನ್‌ಗಿರಿ ಕಡೆಗೆ. ಹಾಸನ ಜಿಲ್ಲೆಯ ಬಿಸ್ಲೆಗೆ ಹೋಗುವವರಿಗೆ ಕೊನೆಯ ಹಂತದಲ್ಲಿ ಪ್ರತ್ಯೇಕವಾಗಿ ಹೇಳಿದ್ದೇನೆ.

## ಹಂತ 1: ದಿನ ಆರಿಸುವುದು, ಹಿಂದಿನ ಸಂಜೆಯ ಕೆಲಸ

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗಿನ ಅವಧಿ ಒಳ್ಳೆಯದು. ನವೆಂಬರಿನಲ್ಲಿ ಹಿಂಗಾರು ಇನ್ನೂ ಮುಗಿದಿರುವುದಿಲ್ಲ. ಫೆಬ್ರವರಿ ಕೊನೆಯ ಹೊತ್ತಿಗೆ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ, ದೂರದ ನೋಟವೂ ಹೊಗೆ ಧೂಳಿನಲ್ಲಿ ಮಸುಕಾಗುತ್ತದೆ.

ಹಿಂದಿನ ಸಂಜೆ ಹವಾಮಾನ ಇಲಾಖೆಯ ಉಪಗ್ರಹ ಚಿತ್ರವನ್ನು ಒಮ್ಮೆ ನೋಡಿ. ನೋಡಬೇಕಾದ್ದು ಚಿಕ್ಕಮಗಳೂರಿನ ಮೇಲಲ್ಲ, ಬಂಗಾಳ ಕೊಲ್ಲಿಯ ಮೇಲೆ. ತಮಿಳುನಾಡು ಕರಾವಳಿಯ ಹತ್ತಿರ ವಾಯುಭಾರ ಕುಸಿತವೋ ಚಂಡಮಾರುತವೋ ಇದ್ದರೆ ನಮ್ಮ ಮಲೆನಾಡಿಗೂ ಮೋಡ, ಜಿಟಿಜಿಟಿ ಮಳೆ ಬರುವ ಸಾಧ್ಯತೆ ಜಾಸ್ತಿ. ಕಾಫಿ ತೋಟದವರು ಡಿಸೆಂಬರಿನಲ್ಲಿ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಅರೇಬಿಕಾ ಕುಯ್ದು ಕಣದಲ್ಲಿ ಹರವಿರುವ ಕಾಲ ಅದು, ಸಣ್ಣ ಮಳೆಯೂ ನಷ್ಟವೇ. ನಿಮಗೆ ತೋಟದವರ ಪರಿಚಯ ಇದ್ದರೆ ಒಂದು ಫೋನ್ ಮಾಡಿ. ಎಷ್ಟೋ ತೋಟಗಳಲ್ಲಿ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ಹಳೆಯ ಮಳೆ ಪುಸ್ತಕಗಳಿವೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

ರಾತ್ರಿ ಹೊರಗೆ ಬಂದು ಆಕಾಶ ನೋಡಿ. ನಕ್ಷತ್ರ ಚೆನ್ನಾಗಿ ಕಾಣುತ್ತಿದ್ದು ಎಲೆ ಅಲ್ಲಾಡದಿದ್ದರೆ ಬೆಳಿಗ್ಗೆ ಕಣಿವೆಯಲ್ಲಿ ಮಂಜು ತುಂಬುತ್ತದೆ, ಅಂಚಿನಲ್ಲಿ ಆಕಾಶ ತಿಳಿಯಾಗಿರುತ್ತದೆ. ಇದು ಹೋಗಬೇಕಾದ ದಿನ. ಚಂದ್ರನ ಸುತ್ತ ದೊಡ್ಡ ಉಂಗುರ ಕಂಡರೆ ತುಂಬ ಎತ್ತರದಲ್ಲಿ ತೆಳು ಹಿಮಮೋಡ ಹರಡಿದೆ ಎಂದರ್ಥ. ಅದೊಂದರಿಂದಲೇ ಮಳೆ ಬರುತ್ತದೆ ಅನ್ನುವಂತಿಲ್ಲ. ಆದರೆ ಕೊಲ್ಲಿಯಲ್ಲಿ ವಾಯುಭಾರ ಕುಸಿತವೂ ಇದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕಿ.

ಶನಿವಾರ, ಭಾನುವಾರ, ವರ್ಷದ ಕೊನೆಯ ವಾರ ಬೇಡವೇ ಬೇಡ. ವಾಹನಗಳ ಸಾಲಿನಲ್ಲಿ ಹಕ್ಕಿ ನೋಡಲಾಗುವುದಿಲ್ಲ. ದತ್ತ ಜಯಂತಿ ಬರುವುದೂ ಡಿಸೆಂಬರ್ ಸುಮಾರಿಗೇ. ಆ ದಿನಗಳಲ್ಲಿ ಗಿರಿಗೆ ಪ್ರವಾಸಿಗರನ್ನು ಬಿಡದಿರುವುದುಂಟು. ವಾಹನಗಳ ಪ್ರವೇಶದ ಸಮಯ, ನೋಂದಣಿಯ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ.

## ಹಂತ 2: ಚೀಲದಲ್ಲಿ ಇರಬೇಕಾದ್ದು

ಬೈನಾಕ್ಯುಲರ್ 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಗಾಜಿನದು) ಸಾಕು. 10x ತಂದರೆ ಅಂಚಿನ ಗಾಳಿಗೆ ಕೈ ನಡುಗಿ ಚಿತ್ರ ನಿಲ್ಲುವುದಿಲ್ಲ. ದಿಕ್ಸೂಚಿ ಬೇಕು. ಫೋನಿನದ್ದಾದರೂ ಸರಿ, ಆದರೆ ಕಾರಿನೊಳಗೆ ಕೂತು ನೋಡಬೇಡಿ, ಸುತ್ತಲಿನ ಕಬ್ಬಿಣಕ್ಕೆ ದಿಕ್ಕು ತಪ್ಪಾಗುತ್ತದೆ. ಒಂದು ಸಣ್ಣ ಥರ್ಮಾಮೀಟರ್, ಪೆನ್ಸಿಲ್, ಗಟ್ಟಿ ರಟ್ಟಿನ ಪುಟ್ಟ ಪುಸ್ತಕ. ಇಬ್ಬನಿಯಲ್ಲಿ ಬಾಲ್‌ಪೆನ್ ಬರೆಯುವುದಿಲ್ಲ, ಪೆನ್ಸಿಲ್ ಬರೆಯುತ್ತದೆ.

ಬಟ್ಟೆ ಪದರ ಪದರವಾಗಿರಲಿ, ಮೇಲೆ ಗಾಳಿ ತಡೆಯುವ ಒಂದು ಜಾಕೆಟ್. ಬರೀ ಸ್ವೆಟರ್ ಹಾಕಿಕೊಂಡರೆ ಗಾಳಿ ಅದರೊಳಗಿಂದ ನೇರ ಹಾದುಹೋಗುತ್ತದೆ. ಉದ್ದ ಕಾಲುಚೀಲ, ಹಿಡಿತ ಇರುವ ಶೂ, ನೀರು, ತಿನ್ನಲು ಏನಾದರೂ. ಹುಲ್ಲಿನ ಮೇಲೆ ಕೂರಲು ಒಂದು ಪ್ಲಾಸ್ಟಿಕ್ ಹಾಳೆ.

ಸಾಮಾನ್ಯ ತಪ್ಪು ಒಂದಿದೆ. ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಬೈನಾಕ್ಯುಲರ್ ಹಿಡಿಯುತ್ತಾರೆ. ಉಸಿರು ಮೇಲಕ್ಕೆ ನುಗ್ಗಿ ಕಣ್ಣಿನ ಕಡೆಯ ಗಾಜು ಮಸುಕಾಗುತ್ತದೆ. ಹೊರಗಿನ ಮಂಜು ಅಂದುಕೊಂಡು ಅಂಗಿಯ ತುದಿಯಲ್ಲಿ ಒರೆಸಿ ಗಾಜಿಗೆ ಗೀರು ಬೀಳಿಸುತ್ತಾರೆ. ಮಫ್ಲರ್ ಗಲ್ಲದ ಕೆಳಗೆ ಇರಲಿ. ಒರೆಸಲು ಮೆತ್ತನೆಯ ಹತ್ತಿ ಬಟ್ಟೆ ಒಂದು ಬೇರೆ ಇಟ್ಟುಕೊಳ್ಳಿ.

## ಹಂತ 3: ಕೆಳಗೆ ಒಂದು ದಾಖಲೆ, ಆಮೇಲೆ ಮೇಲಕ್ಕೆ

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.30ರಿಂದ 6.55ರ ನಡುವೆ. ಬೆಳಕು ಬರುವ ಹೊತ್ತಿಗೆ ಕೈಮರದ ಸುತ್ತ ಇರಿ, ತುದಿಯಲ್ಲಿ ಅಲ್ಲ.

ಇಲ್ಲಿ ನಿಂತು ಮೂರು ಸಂಗತಿ ಬರೆದುಕೊಳ್ಳಿ: ಉಷ್ಣಾಂಶ, ಗಾಳಿ ಇದೆಯೋ ಇಲ್ಲವೋ, ಮೇಲಿನ ತುದಿ ಕಾಣುತ್ತಿದೆಯೋ ಇಲ್ಲವೋ. ಮೂರನೆಯದು ಬಹಳ ಮುಖ್ಯ. ಮುಳ್ಳಯ್ಯನಗಿರಿ ಸುಮಾರು 1930 ಮೀಟರ್ ಎತ್ತರ. ಕೆಳಗೆ ಬೆಳಕಿದ್ದೂ ತುದಿ ಮೋಡದೊಳಗೆ ಮುಚ್ಚಿಹೋಗಿದ್ದರೆ ಮೋಡದ ತಳ 1930 ಮೀಟರಿಗಿಂತ ಕೆಳಗಿದೆ ಎಂದು ಯಾವ ಉಪಕರಣವೂ ಇಲ್ಲದೆ ನಿಮಗೆ ಗೊತ್ತಾಯಿತು. ಯಾವ ಬಂಡೆ, ಯಾವ ತಿರುವಿನವರೆಗೆ ಕಾಣುತ್ತಿದೆ ಅನ್ನುವುದನ್ನೂ ಬರೆದರೆ ಲೆಕ್ಕ ಇನ್ನೂ ನಿಖರವಾಗುತ್ತದೆ.

ಥರ್ಮಾಮೀಟರನ್ನು ಕಾರಿನ ಬಾನೆಟ್ ಮೇಲೆ ಇಡಬೇಡಿ, ಅಂಗೈಯಲ್ಲಿ ಹಿಡಿಯಬೇಡಿ. ನೆರಳಿನಲ್ಲಿ, ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ದಾರ ಕಟ್ಟಿ ತೂಗುಬಿಡಿ. ಐದು ನಿಮಿಷ ಬಿಟ್ಟು ನೋಡಿ.

ಎತ್ತರಕ್ಕೆ ಹೋದಂತೆ 1000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ಓದಿರುತ್ತೀರಿ. ಚಿಕ್ಕಮಗಳೂರು ಪೇಟೆ ಸುಮಾರು 1090 ಮೀಟರಿನಲ್ಲಿದೆ. ಆ ಲೆಕ್ಕದಲ್ಲಿ ತುದಿ ಐದೂವರೆ ಡಿಗ್ರಿ ತಣ್ಣಗಿರಬೇಕು. ಮಧ್ಯಾಹ್ನ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಗಾಳಿಯಿಲ್ಲದ ತಿಳಿ ರಾತ್ರಿ ಕಳೆದ ಬೆಳಿಗ್ಗೆ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ರಾತ್ರಿಯೆಲ್ಲ ಇಳಿದು ಕಣಿವೆಯಲ್ಲಿ ನಿಂತಿರುತ್ತದೆ. ಕೆಳಗಿನ ತೋಟದಲ್ಲಿ ಕೈ ಮರಗಟ್ಟುತ್ತಿದ್ದರೆ ಮೇಲಿನ ಇಳಿಜಾರು ಬೆಚ್ಚಗಿರುವುದುಂಟು. ನಿಮ್ಮ ಪುಸ್ತಕದಲ್ಲಿ ಮೇಲಿನ ಅಂಕಿ ಕೆಳಗಿನದಕ್ಕಿಂತ ಜಾಸ್ತಿ ಬಂದರೆ ಥರ್ಮಾಮೀಟರ್ ಕೆಟ್ಟಿದೆ ಎಂದು ಎಸೆಯಬೇಡಿ. ಅದು ಆ ದಿನ ಕಣಿವೆಯಲ್ಲಿ ತಣ್ಣನೆಯ ಗಾಳಿ ನಿಂತಿದೆ ಅನ್ನುವುದಕ್ಕೆ ಸಾಕ್ಷಿ.

## ಹಂತ 4: ಗಾಳಿಯ ದಿಕ್ಕು ಮೊದಲು, ಬೈನಾಕ್ಯುಲರ್ ಆಮೇಲೆ

ಹುಲ್ಲುಗಾವಲು ಶುರುವಾಗುವ ಜಾಗಕ್ಕೆ ಬಂದ ಕೂಡಲೇ ಬೈನಾಕ್ಯುಲರ್ ಎತ್ತಬೇಡಿ. ಒಂದು ನಿಮಿಷ ಸುಮ್ನೆ ನಿಂತು ಮುಖವನ್ನು ನಿಧಾನವಾಗಿ ತಿರುಗಿಸಿ. ಎರಡೂ ಕಿವಿಗೆ ಗಾಳಿ ಸಮನಾಗಿ ಕೇಳಿಸಿದಾಗ ನಿಮ್ಮ ಮೂಗಿನ ತುದಿ ಗಾಳಿ ಬರುವ ದಿಕ್ಕನ್ನು ತೋರಿಸುತ್ತಿರುತ್ತದೆ. ಈಗ ದಿಕ್ಸೂಚಿ ನೋಡಿ ಬರೆಯಿರಿ. ಬರೆಯಬೇಕಾದ್ದು ಗಾಳಿ ಎಲ್ಲಿಂದ ಬರುತ್ತಿದೆ ಅನ್ನುವುದು, ಎಲ್ಲಿಗೆ ಹೋಗುತ್ತಿದೆ ಅನ್ನುವುದಲ್ಲ. ಹೊಸಬರ ಪುಸ್ತಕದಲ್ಲಿ ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುತ್ತದೆ.

ಚಳಿಗಾಲದಲ್ಲಿ ಹೆಚ್ಚಾಗಿ ಬೀಸುವುದು ಮೂಡಗಾಳಿ, ಕೆಲವೊಮ್ಮೆ ಈಶಾನ್ಯದ್ದು. ಅದು ಒಣಗಾಳಿ. ವೇಗ ಅಳೆಯಲು ಯಂತ್ರ ಬೇಕಿಲ್ಲ. ಮುಖಕ್ಕೆ ಗಾಳಿ ತಾಗುತ್ತಿದೆ, ಎಲೆ ಸರಸರ ಅನ್ನುತ್ತಿದೆ ಅಂದರೆ ಗಂಟೆಗೆ 6ರಿಂದ 11 ಕಿಲೋಮೀಟರ್. ಎಲೆ, ಸಣ್ಣ ಕಡ್ಡಿ ನಿಲ್ಲದೆ ಅಲ್ಲಾಡಿದರೆ 12ರಿಂದ 19. ರಸ್ತೆಯ ಧೂಳು, ಕಾಗದದ ಚೂರು ಮೇಲೆದ್ದರೆ 20ರಿಂದ 28. ಸಣ್ಣ ಮರಗಳೇ ತೂಗಿದರೆ 29ರಿಂದ 38. ದೊಡ್ಡ ಕೊಂಬೆಗಳು ಅಲ್ಲಾಡಿ, ಕೊಡೆ ಹಿಡಿಯಲಾಗದಿದ್ದರೆ 39 ದಾಟಿದೆ. ಅಷ್ಟಾದರೆ ಅಂಚಿನ ಹತ್ತಿರ ಹೋಗುವುದೇ ಬೇಡ.

ಕವಿಕಲ್ ಗಂಡಿಯಲ್ಲಿ ನಿಂತು ಅಳೆದ ಗಾಳಿಯನ್ನು ಇಡೀ ಸಾಲಿನ ಗಾಳಿ ಎಂದು ಬರೆಯಬೇಡಿ. ಎರಡು ಗುಡ್ಡದ ನಡುವಿನ ಇಕ್ಕಟ್ಟಿನಲ್ಲಿ ಗಾಳಿ, ಕೆರೆಯ ತೂಬಿನಲ್ಲಿ ನೀರು ನುಗ್ಗಿದ ಹಾಗೆ ನುಗ್ಗುತ್ತದೆ. ವೇಗವೂ ಜಾಸ್ತಿ, ದಿಕ್ಕೂ ಗಂಡಿ ತಿರುಗಿಸಿದಂತೆ. ದಾಖಲೆಗೆ ತೆರೆದ ಬೋಳು ಇಳಿಜಾರಿನ ಜಾಗವೇ ಸರಿ.

ಈಗ ಗಾಳಿಯ ದಿಕ್ಕು ಗೊತ್ತಾಯಿತು. ಇದರಿಂದ ಎರಡು ತೀರ್ಮಾನ ಮಾಡಬಹುದು. ಸಣ್ಣ ಹಕ್ಕಿಗಳು ಗಾಳಿಗೆ ಮರೆಯಾದ ಇಳಿಜಾರಿನಲ್ಲಿರುತ್ತವೆ. ಮೂಡಗಾಳಿ ಇದ್ದರೆ ಪಶ್ಚಿಮದ ಮಗ್ಗುಲಿನ ಪೊದೆ, ಬಂಡೆಯ ಹಿಂಬದಿ, ರಸ್ತೆ ಕಡಿದ ದರೆಯ ಒಳಮೂಲೆ ಹುಡುಕಿ. ಬೇಟೆ ಹಕ್ಕಿಗಳು ಇದಕ್ಕೆ ತದ್ವಿರುದ್ಧ. ಗಾಳಿ ಬೆಟ್ಟಕ್ಕೆ ಬಡಿದು ಮೇಲಕ್ಕೇಳುವ ಮಗ್ಗುಲು ಅವಕ್ಕೆ ಬೇಕು, ರೆಕ್ಕೆ ಬಡಿಯದೆ ತೇಲಬಹುದಲ್ಲ. ಸಣ್ಣ ಹಕ್ಕಿ ಹುಡುಕುವವರು ಗಾಳಿಯ ಮಗ್ಗುಲಲ್ಲಿ ನಿಂತು ಗಂಟೆ ಕಳೆಯುತ್ತಾರೆ, ಹದ್ದು ಹುಡುಕುವವರು ಮರೆಯಲ್ಲಿ ಕೂತಿರುತ್ತಾರೆ. ಇಬ್ಬರಿಗೂ ಏನೂ ಸಿಗುವುದಿಲ್ಲ.

ಗಾಳಿಯ ದಿಕ್ಕನ್ನು ಹಕ್ಕಿಯಿಂದಲೇ ಪರೀಕ್ಷೆ ಮಾಡಬಹುದು. ಪಕ್ಷಿ ನೋಡುವವರು ಕೆಸ್ಟ್ರೆಲ್ ಎನ್ನುವ ಸಣ್ಣ ಚಾಣ ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಇಳಿಜಾರಿನ ಮೇಲೆ ಒಂದೇ ಜಾಗದಲ್ಲಿ ಗಾಳಿಯಲ್ಲೇ ನಿಲ್ಲುತ್ತದೆ. ಬಾಲ ಬೀಸಣಿಗೆಯಾಗಿ ಬಿಚ್ಚಿರುತ್ತದೆ, ರೆಕ್ಕೆಯ ತುದಿ ಮಾತ್ರ ಪಟಪಟ ಅನ್ನುತ್ತಿರುತ್ತದೆ. ಮೈ ಅತ್ತಿತ್ತ ಹೊಯ್ದಾಡಿದರೂ ತಲೆ ಕದಲುವುದಿಲ್ಲ, ಕಣ್ಣು ಹುಲ್ಲಿನ ಮೇಲೇ. ಅದರ ಕೊಕ್ಕು ಯಾವ ಕಡೆಗಿದೆಯೋ ಗಾಳಿ ಬರುತ್ತಿರುವುದು ಅಲ್ಲಿಂದ. ನಿಮ್ಮ ಪುಸ್ತಕದಲ್ಲಿ ಬರೆದದ್ದಕ್ಕೆ ಇದು ತಾಳೆಯಾಗದಿದ್ದರೆ ಹಕ್ಕಿಯ ಮಾತು ನಂಬಿ, ನಿಮ್ಮದನ್ನು ತಿದ್ದಿಕೊಳ್ಳಿ.

## ಹಂತ 5: ಮಂಜಿನ ಬಗೆ ಗುರುತಿಸುವುದು

ಎಲ್ಲರೂ ಸೋಲುವುದು ಇಲ್ಲೇ. ನಿಧಾನವಾಗಿ ಓದಿ.

ಗಿರಿಯಲ್ಲಿ ನಾವು ಮಂಜು ಎಂದು ಕರೆಯುವುದು ಎರಡು ಬೇರೆ ಬೇರೆ ಸಂಗತಿಗಳನ್ನು. ಮೊದಲನೆಯದು ಕಣಿವೆಯಲ್ಲಿ ಹುಟ್ಟಿದ ಮಂಜು. ರಾತ್ರಿ ನೆಲ ತಣಿದು, ತಣ್ಣನೆಯ ಗಾಳಿ ತಗ್ಗಿಗೆ ಇಳಿದು, ಅದರಲ್ಲಿನ ತೇವ ಹನಿಗಟ್ಟುತ್ತದೆ. ಬೆಳಿಗ್ಗೆ ಮೇಲಿನಿಂದ ನೋಡಿದರೆ ಕೆಳಗೆ ಬಿಳಿ, ಮೇಲೆ ನೀಲಿ. ಎಲ್ಲರೂ ಫೋಟೊ ತೆಗೆಯುವುದು ಇದನ್ನೇ. ಸೂರ್ಯ ಬಂದ ಮೇಲೆ ಈ ಮಂಜು ಅಲ್ಲೇ ಕರಗುವುದಿಲ್ಲ. ಮೊದಲು ಬೆಚ್ಚಗಾಗಿ ಮೇಲಕ್ಕೇಳುತ್ತದೆ. ಇಳಿಜಾರು ಹತ್ತಿಕೊಂಡು ಸುಮಾರು ಎಂಟರ ನಂತರ ಅಂಚಿಗೆ ಬಂದು ಕವಿಯುತ್ತದೆ. ಆರೂವರೆಗೆ ತಿಳಿಯಾಗಿದ್ದ ತುದಿ ಎಂಟೂವರೆಗೆ ಏನೂ ಕಾಣದಂತಾಗುವುದು ಇದರಿಂದ. ಜನ ಇಳಿಯುವುದೂ ಸರಿಯಾಗಿ ಆಗಲೇ! ಇದು ಕೊನೆಯ ಅಂಕ. ಸ್ವಲ್ಪ ಹೊತ್ತು ಕಾದರೆ ಹರಿದು ಚೂರಾಗಿ ಹೋಗುತ್ತದೆ, ಅದರ ಹಿಂದೆಯೇ ಹದ್ದುಗಳು ಏಳುತ್ತವೆ.

ಎರಡನೆಯದು ಮಂಜಲ್ಲ, ಮೋಡವೇ. ತೇವ ತುಂಬಿದ ಗಾಳಿ ಬೆಟ್ಟ ಹತ್ತುವಾಗ ತಣಿದು ತುದಿಗೆ ಟೊಪ್ಪಿಗೆ ಕಟ್ಟುತ್ತದೆ. ಗಾಳಿ ಬೀಸುತ್ತಲೇ ಇರುತ್ತದೆ, ಮೋಡವೂ ಹುಟ್ಟುತ್ತಲೇ ಇರುತ್ತದೆ. ಇದು ದಿನವಿಡೀ ಕೂರಬಹುದು. ಕಾದು ಪ್ರಯೋಜನವಿಲ್ಲ.

ಎರಡರ ವ್ಯತ್ಯಾಸ ತಿಳಿಯುವ ಬಗೆ ಹೀಗೆ. ಮುಂಜಾನೆ ಕೈಮರದಲ್ಲಿ ನಿಂತಾಗ ಮಂಜಿನ ಸಂದಿನಲ್ಲಿ ತುದಿ ಕಂಡಿತ್ತಾ? ಕಂಡಿದ್ದರೆ ಮೊದಲನೆಯದು. ಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯೇ? ಮೊದಲನೆಯದು. ತಲೆಯ ಮೇಲೆ ನೋಡಿದರೆ ಸೂರ್ಯ ಬಿಳಿ ಬಿಲ್ಲೆಯಾಗಿ ಕಾಣುತ್ತಿದ್ದಾನೆಯೇ? ಪದರ ತೆಳುವಾಗಿದೆ, ಕಾಯಿರಿ. ಕಣಿವೆಯಲ್ಲಿ ಮಂಜೇ ಇಲ್ಲ, ತುದಿಯಲ್ಲಿ ಮಾತ್ರ ಮುಚ್ಚಿದೆ, ಗಾಳಿ ಜೋರಾಗಿದೆ, ಜಾಕೆಟ್ ಮೇಲೆ ಹನಿ ಕೂರುತ್ತಿದೆ ಅಂದರೆ ಎರಡನೆಯದು. ಕೆಳಗಿಳಿದು ತೋಟದ ಅಂಚಿನ ಮರಗಳಲ್ಲಿ ಹಕ್ಕಿ ನೋಡಿ.

ಊಹೆ ಬೇಡ ಅನ್ನುವವರಿಗೆ ಅಳತೆಯ ದಾರಿ ಇದೆ. ಬಂದ ತಕ್ಷಣ ಮೂರು ಗುರುತು ಆರಿಸಿಕೊಳ್ಳಿ: ಸುಮಾರು 50 ಮೀಟರ್ ದೂರದ ಬಂಡೆ, 300 ಮೀಟರ್ ದೂರದ ರಸ್ತೆ ತಿರುವು, ಒಂದು ಕಿಲೋಮೀಟರ್ ಆಚೆಯ ಗುಡ್ಡ. ಹತ್ತು ನಿಮಿಷಕ್ಕೊಮ್ಮೆ ಯಾವುದು ಕಾಣುತ್ತಿದೆ ಎಂದು ಬರೆಯಿರಿ. ಒಂದು ಕಿಲೋಮೀಟರ್ ಒಳಗಿನದು ಮಾತ್ರ ಕಂಡರೆ ಹವಾಮಾನದ ಭಾಷೆಯಲ್ಲಿ ಅದು ಮಂಜು. ಸತತ ಮೂರು ಸಲ ನೋಟದ ದೂರ ಹೆಚ್ಚಾದರೆ ಕೂತಿರಿ. 50 ಮೀಟರಿನ ಬಂಡೆಯೂ ಮಾಯವಾದರೆ ಅಂಚಿನ ದಾರಿಯಲ್ಲಿ ಒಂದು ಹೆಜ್ಜೆಯೂ ಮುಂದಿಡಬೇಡಿ, ಇದ್ದಲ್ಲೇ ಕೂರಿ.

ಕೂತ ಹೊತ್ತು ವ್ಯರ್ಥವಲ್ಲ. ಮಂಜಿನಲ್ಲಿ ಹುಲ್ಲಿನ ಸಣ್ಣ ಕಂದು ಹಕ್ಕಿಗಳಾದ ಪಿಪಿಟ್‌ಗಳು ರಸ್ತೆಯ ಅಂಚಿಗೇ ಬಂದು ಓಡಾಡುತ್ತವೆ. ಕೆಮ್ಮೀಸೆ ಪಿಕಳಾರಗಳು ಪೊದೆಯೊಳಗಿನಿಂದಲೇ ಮಾತಾಡುತ್ತಿರುತ್ತವೆ. ಕಿವಿಗೆ ಕೆಲಸ ಕೊಡಿ, ಯಾವ ದಿಕ್ಕಿನಿಂದ ಎಷ್ಟು ದನಿ ಎಂದು ಬರೆದಿಡಿ. ಮಂಜು ಸರಿದಾಗ ಎಲ್ಲಿ ನೋಡಬೇಕು ಅನ್ನುವುದು ಆಗ ಸಿದ್ಧವಾಗಿರುತ್ತದೆ.

## ಹಂತ 6: ಹೊತ್ತಿಗೆ ತಕ್ಕ ಹಕ್ಕಿ

6.30ರಿಂದ 7.30: ಪೊದೆ ಮತ್ತು ತೋಟದ ಅಂಚು. ಮೊದಲ ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ನೋಡಿ. ಚಳಿಯಲ್ಲಿ ಕೂತ ಹುಳುಗಳು ಮೊದಲು ಅಲ್ಲಾಡುವುದು ಅಲ್ಲೇ, ಹಕ್ಕಿಗಳು ಬರುವುದೂ ಅಲ್ಲಿಗೇ. ಉಲಿಯಕ್ಕಿಗಳು, ನೊಣಹಿಡುಕಗಳು, ಬೂದು ಕಾಜಾಣ ಇಲ್ಲಿ ಸಿಗುತ್ತವೆ. ನೀರು ಜಿನುಗುವ ರಸ್ತೆ ಬದಿಯಲ್ಲಿ ಹೊಟ್ಟೆ ಹಳದಿ, ಬೆನ್ನು ಬೂದಿಯ ಸಿಪಿಲೆ ಬಾಲ ಕುಣಿಸುತ್ತ ಓಡುತ್ತಿರುತ್ತದೆ. ಚಳಿಗಾಲದ ಅತಿಥಿಗಳಲ್ಲಿ ಬೇಗ ಬರುವುದು ಇದೇ, ಸೆಪ್ಟೆಂಬರಿಗೆಲ್ಲ ಬಂದಿರುತ್ತದೆ.

7.30ರಿಂದ 9: ಹುಲ್ಲು ಮತ್ತು ಬಂಡೆ. ನಡೆಯುವುದಕ್ಕಿಂತ ಕೂರುವುದು ಜಾಸ್ತಿ ಇರಲಿ. ಸೂರ್ಯ ನಿಮ್ಮ ಬೆನ್ನಿಗಿರಬೇಕು, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ. ಎದ್ದು ಕಾಣುವ ಬಂಡೆಯ ತುದಿಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ನೀಲಿ ಬಂಡೆ ಸಿಳ್ಳಾರದ ಗಂಡು ಹೀಗೆ ಬಂಡೆಯ ನೆತ್ತಿಯ ಮೇಲೆ ನೆಟ್ಟಗೆ ಕೂರುತ್ತದೆ. ನೆರಳಿನಲ್ಲಿ ಕಪ್ಪಾಗಿ ಕಾಣುವ ಮೈ, ಬಿಸಿಲು ತಾಗಿದಾಗ ಮಂಕು ನೀಲಿಗೆ ತಿರುಗುತ್ತದೆ. ಹಾರಿಹೋದರೂ ಅದೇ ಬಂಡೆಗೆ ವಾಪಸ್ ಬರುವ ಸ್ವಭಾವ, ಹಾಗಾಗಿ ಬೆನ್ನಟ್ಟಬೇಡಿ. ಹುಲ್ಲಿನಲ್ಲಿ ಜುಟ್ಟಿರುವ ಮಲಬಾರ್ ನೆಲಗುಬ್ಬಿ, ಪಿಪಿಟ್, ಗಿಡದ ತುದಿಯಲ್ಲಿ ಕಲ್ಲುಚಟಕ.

ಶೋಲಾ ಕಾಡಿನ (ಹುಲ್ಲುಗಾವಲಿನ ನಡುವೆ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಮರಗಳ ಕಾಡು) ತುಣುಕುಗಳ ಬಳಿ ದನಿ ಮಾತ್ರ ಕೇಳಿ, ಒಳಗೆ ನುಗ್ಗಬೇಡಿ. ನೀಲಗಿರಿ ಶೋಲಾಕಿಳಿ ಎಂಬ ನೀಲಿ ಹಕ್ಕಿ ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗಿನ ಕೆಲವೇ ಎತ್ತರದ ಬೆಟ್ಟಗಳಲ್ಲಿದೆ, ಪ್ರಪಂಚದ ಬೇರೆಲ್ಲೂ ಇಲ್ಲ. ಅದನ್ನು ಹೊರಗೆಳೆಯಲು ಫೋನಿನಲ್ಲಿ ಅದರದೇ ಧ್ವನಿಮುದ್ರಿತ ಕೂಗು ಹಾಕುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಇಷ್ಟು ಸಣ್ಣ ಜಾಗದಲ್ಲಿ ಬದುಕುವ ಹಕ್ಕಿಗೆ ದಿನಕ್ಕೆ ಹತ್ತು ಜನ ಸುಳ್ಳು ಜಗಳ ಹಚ್ಚಿದರೆ ಅದು ಮೇಯುವುದು ಯಾವಾಗ?

9.30ರಿಂದ 11.30: ಆಕಾಶ. ಬಂಡೆ ಕಾದು ಬಿಸಿಗಾಳಿ ಏಳುವವರೆಗೆ ದೊಡ್ಡ ಹದ್ದುಗಳು ಮರ ಬಿಟ್ಟು ಏಳುವುದಿಲ್ಲ. ಹಾಗಾಗಿ ಆರು ಗಂಟೆಗೆ ಹದ್ದು ಹುಡುಕುವುದು ಸುಮ್ಮನೆ ಶ್ರಮ. ಮೊದಲು ಹಾವು ಹಿಡಿಯುವ ಹದ್ದು ಪನ್ನಗಾರಿಯ ಸಿಳ್ಳೆ ಕೇಳುತ್ತದೆ, ಆಮೇಲೆ ತಲೆ ಎತ್ತಿದರೆ ರೆಕ್ಕೆಯಡಿ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಕರಿ ಹದ್ದನ್ನು ಮೇಲೆ ಹುಡುಕಬೇಡಿ, ಕೆಳಗೆ ನೋಡಿ. ಅದು ಕಾಡಿನ ನೆತ್ತಿಗೆ ತಾಗಿದಂತೆ, ಅವಸರವೇ ಇಲ್ಲದೆ, ಗೂಡುಗಳನ್ನು ಹುಡುಕುತ್ತ ಹಾರುತ್ತದೆ. ನೀವು ಅಂಚಿನಲ್ಲಿದ್ದರೆ ಅದರ ಬೆನ್ನು ಕಾಣುತ್ತದೆ. ಬಯಲಿನಲ್ಲಿ ಯಾರಿಗೂ ಸಿಗದ ನೋಟ ಇದು.

ಮಧ್ಯಾಹ್ನ ಬಿಡುವು. ಸಂಜೆ ನಾಲ್ಕರಿಂದ ಐದೂವರೆ ಮತ್ತೆ ಹುಲ್ಲಿನ ಕಡೆ ನೋಡಿ, ಸೆಳೆವಗಳು (ಹ್ಯಾರಿಯರ್ ಎನ್ನುವ ಬೇಟೆ ಹಕ್ಕಿಗಳು) ತಗ್ಗಾಗಿ ಹಾರುವ ಹೊತ್ತು ಅದು.

## ಹಂತ 7: ಗೊಂದಲ ಮಾಡುವ ಜೋಡಿಗಳು

ಗಾಳಿಯಲ್ಲಿ ನಿಂತದ್ದೆಲ್ಲ ಕೆಸ್ಟ್ರೆಲ್ ಅಲ್ಲ. ರಾಮದಾಸ ಹದ್ದೂ ಹಾಗೇ ನಿಲ್ಲುತ್ತದೆ. ಅದರ ಮೈ ಬಿಳಿ ಬೂದು, ಹೆಗಲು ಕಪ್ಪು, ಬಾಲ ಗಿಡ್ಡ, ರೆಕ್ಕೆ ಬಡಿತ ನಿಧಾನ. ಕೆಸ್ಟ್ರೆಲಿನ ಬೆನ್ನು ಇಟ್ಟಿಗೆ ಕೆಂಪು, ಬಾಲ ಉದ್ದ.

ಸೆಳೆವ ತೇಲುವಾಗ ಎರಡು ರೆಕ್ಕೆಯನ್ನೂ ಮೇಲಕ್ಕೆತ್ತಿ ಹಿಡಿಯುತ್ತದೆ. ಹುಲ್ಲಿನ ಮೇಲೆ ಆಳೆತ್ತರದಲ್ಲಿ ಹೀಗೆ ಹೊಯ್ದಾಡುತ್ತ ಹೋಗುವ ತೆಳು ಮೈಯ ಬೇಟೆ ಹಕ್ಕಿ ಕಂಡರೆ ಸೆಳೆವ ಎಂದು ಬರೆಯಿರಿ. ಹೆಣ್ಣು ಮತ್ತು ಮರಿ ಕಂದು ಬಣ್ಣದವು, ಹಲವು ಜಾತಿಗಳಲ್ಲಿ ಬಾಲದ ಬುಡ ಬಿಳಿ. ಯಾವ ಜಾತಿಯ ಸೆಳೆವ ಎಂದು ಹೇಳುವುದು ಪಳಗಿದವರಿಗೂ ಕಷ್ಟ. ಬರೀ "ಸೆಳೆವ" ಎಂದು ನಿಲ್ಲಿಸುವುದು ಒಳ್ಳೆಯ ದಾಖಲೆ, ಊಹೆಯ ಹೆಸರು ಕೆಟ್ಟ ದಾಖಲೆ.

ಕಲ್ಲುಚಟಕಗಳಲ್ಲಿ ವರ್ಷವಿಡೀ ಇಲ್ಲಿರುವುದರ ಗಂಡು ಪೂರ್ತಿ ಕಪ್ಪು, ರೆಕ್ಕೆಯಲ್ಲಿ ಬಿಳಿ ಮಚ್ಚೆ. ಚಳಿಗಾಲಕ್ಕೆ ಬರುವ ಸೈಬೀರಿಯಾದ ಬಂಧುವಿನ ಎದೆ ಕಿತ್ತಳೆ ಬಣ್ಣ. ಹೆಣ್ಣುಗಳು ಎರಡರಲ್ಲೂ ಕಂದು, ಫೋಟೊ ತೆಗೆದಿಟ್ಟುಕೊಳ್ಳಿ.

ಬಾನಾಡಿಗಳು (ಸ್ವಿಫ್ಟ್ ಹಕ್ಕಿಗಳು) ತಗ್ಗಿಗೆ ಬಂದರೆ ಮಳೆ ಅನ್ನುವ ಮಾತಿದೆ. ಅವು ಹುಳುವಿನ ಹಿಂದೆ ಬರುತ್ತವೆ, ಮೋಡ ಇಳಿದಾಗಲೂ ಗಾಳಿ ಬೀಸಿದಾಗಲೂ ಹುಳು ತಗ್ಗಿಗೆ ಬರಬಹುದು. ಬರೆದುಕೊಳ್ಳಿ, ಆದರೆ ಅದನ್ನೊಂದನ್ನೇ ನಂಬಿ ಛತ್ರಿ ಬಿಚ್ಚಬೇಡಿ.

## ಹಂತ 8: ಬರೆದಿಡುವ ಕ್ರಮ

ಒಂದು ಸಾಲಿನಲ್ಲಿ ಹವೆ, ಅದರ ಕೆಳಗೆ ಹಕ್ಕಿ. ಮಾದರಿಗೆ ಹೀಗೆ:

*8.40, ಸೀತಾಳಯ್ಯನಗಿರಿ ತಿರುವು. ಗಾಳಿ ಪೂರ್ವದಿಂದ, ಧೂಳು ಏಳುವಷ್ಟು. ಮೋಡ 3/8. ನೋಟ 300 ಮೀಟರ್, ಹೆಚ್ಚುತ್ತಿದೆ. ಕೆಸ್ಟ್ರೆಲ್ 1, ಪೂರ್ವದ ಮಗ್ಗುಲಲ್ಲಿ ಗಾಳಿಗೆ ನಿಂತಿತ್ತು. ಪಿಕಳಾರ 6, ಪಶ್ಚಿಮದ ಪೊದೆ.*

ಮೋಡಕ್ಕೆ ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮುಚ್ಚಿದೆ ಎಂದು ಬರೆಯಿರಿ. ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇಬರ್ಡ್‌ಗೆ ಹಾಕುವವರು ಕೂತು ನೋಡಿದ್ದಕ್ಕೂ ನಡೆದು ನೋಡಿದ್ದಕ್ಕೂ ಬೇರೆ ಬೇರೆ ಪಟ್ಟಿ ಮಾಡಿ. ಕೆಳಗಿನ ತೋಟ, ಮೇಲಿನ ಹುಲ್ಲುಗಾವಲು ಒಂದೇ ಪಟ್ಟಿಗೆ ಸೇರಿದರೆ ಆ ಪಟ್ಟಿಯಿಂದ ಯಾರಿಗೂ ಉಪಯೋಗವಿಲ್ಲ. ಹವೆಯ ಸಾಲನ್ನು ಟಿಪ್ಪಣಿಯ ಜಾಗದಲ್ಲಿ ಹಾಕಿ.

ಫೋನಿನಲ್ಲಿ ವಾಯುಭಾರ ನೋಡುವವರಿಗೆ ಎರಡು ಎಚ್ಚರಿಕೆ. ಈ ಎತ್ತರದಲ್ಲಿ ಸುಮಾರು 10 ಮೀಟರ್ ಏರಿದರೆ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ನಡೆಯುತ್ತ ನೋಡಿದ ಅಂಕಿಗೆ ಅರ್ಥವಿಲ್ಲ, ಒಂದೇ ಜಾಗದ ಅಂಕಿಗಳನ್ನೇ ಹೋಲಿಸಿ. ಇನ್ನೊಂದು, ನಮ್ಮ ಉಷ್ಣವಲಯದಲ್ಲಿ ವಾಯುಭಾರ ದಿನಾ ಬೆಳಿಗ್ಗೆ ಸುಮಾರು ಹತ್ತಕ್ಕೆ ಏರಿ, ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ಹತ್ತರಿಂದ ನಾಲ್ಕರವರೆಗೆ ಎರಡು ಮೂರು ಹೆಕ್ಟೊಪ್ಯಾಸ್ಕಲ್ ಇಳಿದದ್ದು ಬಿರುಗಾಳಿಯ ಸೂಚನೆಯಲ್ಲ, ದಿನಚರಿ. ಇವತ್ತಿನ ಹತ್ತು ಗಂಟೆಯ ಅಂಕಿಯನ್ನು ನಿನ್ನೆಯ ಹತ್ತು ಗಂಟೆಯ ಅಂಕಿಗೆ ಹೋಲಿಸಿ.

## ಹಂತ 9: ವಾಪಸಾಗಬೇಕಾದ ಸೂಚನೆಗಳು

ಮೂಡಗಾಳಿ ಇದ್ದಕ್ಕಿದ್ದಂತೆ ನಿಂತು ಬೇರೆ ದಿಕ್ಕಿನಿಂದ ತೇವದ ಗಾಳಿ ಬಂದರೆ, ಮೋಡದ ತಳ ಒಂದೊಂದೇ ಗುರುತನ್ನು ನುಂಗುತ್ತ ಇಳಿದರೆ ಹೊರಡಿ. ಜೊತೆಯಲ್ಲಿರುವವರು ನಡುಗುವುದು ನಿಲ್ಲದಿದ್ದರೆ, ಮಾತು ತೊದಲಿದರೆ ತಕ್ಷಣ ಗಾಳಿಯಿಂದ ಮರೆಗೆ ಕರೆದೊಯ್ದು ಒದ್ದೆ ಬಟ್ಟೆ ಬದಲಿಸಿ. ಇಬ್ಬನಿ ಬಿದ್ದ ಹುಲ್ಲಿನ ಇಳಿಜಾರು ಬಂಡೆಗಿಂತ ಜಾಸ್ತಿ ಜಾರುತ್ತದೆ, ಅಂಚಿನಿಂದ ನಾಲ್ಕಾರು ಹೆಜ್ಜೆ ಒಳಗೇ ಇರಿ. ಮುಳ್ಳಯ್ಯನಗಿರಿಯ ಸರ್ಪದಾರಿ ಎನ್ನುವ ಕಾಲುದಾರಿಯಲ್ಲಿ ಇಳಿಯುವವರು ಇದನ್ನು ಮರೆಯಬಾರದು.

ಹುಲ್ಲುಗಾವಲಿನಲ್ಲಿ ಕಾಟಿ (ಕಾಡುಕೋಣ) ಕಂಡರೆ ದಾರಿ ಬಿಟ್ಟುಕೊಡಿ, ಫೋಟೊಕ್ಕಾಗಿ ಹತ್ತಿರ ಹೋಗಬೇಡಿ. ಬೀಡಿ ಸಿಗರೇಟು, ಒಲೆ ಯಾವುದೂ ಬೇಡ.

ಉಣುಗಿನ ವಿಚಾರ ಹಗುರವಾಗಿ ತೆಗೆದುಕೊಳ್ಳಬೇಡಿ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅದನ್ನು ಹರಡುವುದು ಉಣುಗು. ಕಾಡಿನ ಅಂಚಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೊಣಕಾಲಿನ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಎಂಟು ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

## ಹಂತ 10: ಬಿಸ್ಲೆಗೆ ಹೋಗುವವರಿಗೆ

ಸಕಲೇಶಪುರ ತಾಲ್ಲೂಕಿನ ಬಿಸ್ಲೆ ವೀಕ್ಷಣಾ ಸ್ಥಳದಲ್ಲಿ ಮೇಲಿನ ಕ್ರಮವೇ ನಡೆಯುತ್ತದೆ, ಎರಡು ಬದಲಾವಣೆಗಳೊಂದಿಗೆ. ಇಲ್ಲಿ ಸುತ್ತ ಹುಲ್ಲಿಗಿಂತ ಕಾಡು ಜಾಸ್ತಿ. ಎದುರಿನ ಪುಷ್ಪಗಿರಿ ಸಾಲನ್ನೇ ಮೋಡದ ಅಳತೆಗೋಲು ಮಾಡಿಕೊಳ್ಳಿ, ಅದರ ಯಾವ ಭಾಗ ಮುಚ್ಚಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ಬರೆಯಿರಿ. ಕರಿ ಹದ್ದು, ಪನ್ನಗಾರಿ ನೋಡಲು ಇದು ಒಳ್ಳೆಯ ಜಾಗ. ನೆಲಗುಬ್ಬಿ, ಬಂಡೆ ಸಿಳ್ಳಾರಕ್ಕೆ ಚಂದ್ರದ್ರೋಣವೇ ಸರಿ.

ಎರಡನೆಯದು ಆನೆ. ಸಕಲೇಶಪುರ, ಆಲೂರು ಭಾಗದ ತೋಟದ ರಸ್ತೆಗಳಲ್ಲಿ ಕತ್ತಲಿರುವಾಗ ಕಾಲ್ನಡಿಗೆ ಬೇಡ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ, ಆ ದಿನ ಆನೆ ಎಲ್ಲಿದೆ ಎಂದು ಊರಿನವರನ್ನು ಅಥವಾ ಅರಣ್ಯ ಸಿಬ್ಬಂದಿಯನ್ನು ಕೇಳಿ. ಹಸಿ ಲದ್ದಿ, ಆಗಷ್ಟೇ ಮುರಿದ ಬಾಳೆ ಅಥವಾ ಬೈನೆ ಮರ ಕಂಡರೆ ಕಾರಿಗೆ ವಾಪಸಾಗಿ. ಮೊದಲ ಹಕ್ಕಿಗಳು ತಪ್ಪಿಹೋದರೂ ಚಿಂತೆಯಿಲ್ಲ, ಇಲ್ಲಿ ನಿಮಗೆ ಬೇಕಾದ ಹದ್ದುಗಳು ಏಳುವುದು ಹೇಗೂ ಒಂಬತ್ತೂವರೆಯ ಮೇಲೆ.